ಗುಡ್ಡೆಗೆ ಹೊತ್ತ ತರಗೆಲೆ

ಸಕ್ಕರೆ ಕಾಯಿಲೆಗೆ ದಿನಾ ಬೆಳಗ್ಗೆ ನಡೆಯಿರಿ ಎಂದದ್ದು ಡಾಕ್ಟರು. ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡು ನಡೆಯಿರಿ ಎಂದು ಅವರೇನೂ ಹೇಳಿರಲಿಲ್ಲ. ಅದು ಶ್ರೀರಂಜಿನಿ ತನಗೆ ತಾನೇ ಬರೆದುಕೊಂಡ ಚೀಟಿ. ಉಪ್ಪಳದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನಿಸಾರ್ ಮೂಲೆಗೆ ಹಾಕಿದ್ದ ಹಳೆಯ ಕ್ಯಾಮರಾವನ್ನು ಕೇಳಿ ತಂದಿದ್ದಳು. ಎಣ್ಮಕಜೆಯ ಚಳಿಯಲ್ಲಿ ತಲೆಗೊಂದು ಬೈರಾಸು ಸುತ್ತಿ, ಐವತ್ತು ದಾಟಿದ ಹೆಂಗಸು ಮನೆಯ ಹಿಂದಿನ ಗುಡ್ಡೆ ಹತ್ತುವುದನ್ನು ಕಂಡು ನಗುವವರು ನಕ್ಕರು. ಇವಳು ಇಬ್ಬನಿ ಕೂತ ಜೇಡರಬಲೆ, ಕೆಂಪುಕಲ್ಲಿನ ಮೇಲೆ ಬಿಸಿಲು ಕಾಯುವ ಓತಿಕ್ಯಾತ, ಎಲ್ಲವನ್ನೂ ತೆಗೆಯುತ್ತಾ ಹೋದಳು.

ಡಿಸೆಂಬರಿನ ಕೊನೆಯ ವಾರ ಗೇರುಮರಗಳ ಅಡಿಯಲ್ಲಿ ತರಗೆಲೆ ಸರಕ್ಕೆಂದಿತು. ಹಾವೋ ಎಂದು ಕಾಲು ಹಿಂದಕ್ಕೆಳೆದಳು. ಹಾವಲ್ಲ. ಎಲೆಗಳ ನಡುವೆ ಒಂದು ಮೋಟು ಬಾಲ, ಅದರಡಿ ಕುಂಕುಮದ ಕೆಂಪು, ಮೇಲೆ ಹಸಿರು ಬೆನ್ನು. ಕ್ಯಾಮರಾ ಎತ್ತುವಷ್ಟರಲ್ಲಿ ಎಲೆ ಮಾತ್ರ ಉಳಿಯಿತು.

ನವರಂಗ! ತೀರಿಹೋದ ಅತ್ತೆ ಹೇಳುತ್ತಿದ್ದ ಹಕ್ಕಿ. ಚಳಿಗಾಲ ಬಂತೆಂದರೆ ಈ ಗುಡ್ಡೆಗೆ ತಪ್ಪದೆ ಬರುತ್ತಿತ್ತಂತೆ. ಆಚೆಯ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಹುಳ ಸಾಯುವ ಮದ್ದು ಬಿಡಲು ತೊಡಗಿದ ಮೇಲೆ ನಿಂತೇ ಹೋಯಿತಂತೆ. ಶ್ರೀರಂಜಿನಿ ಮದುವೆಯಾಗಿ ಬಂದಾಗಲೂ ಹೆಲಿಕಾಪ್ಟರ್ ಬರುತ್ತಿತ್ತು. ಗುಡ್ಡೆ ಕೊರೆದ ಸುರಂಗದಿಂದ ನೀರು ಬೀಳುವ ತೊಟ್ಟಿಗೆ ತೆಂಗಿನ ಮಡಲು ಮುಚ್ಚಿ, ಮನೆಯವರೆಲ್ಲ ಒಳಗೆ ಕೂರುತ್ತಿದ್ದರು. ಆ ವರ್ಷ ಬಸಳೆಗೆಂದು ಮೊಣಕಾಲುದ್ದ ಗುಂಡಿ ತೆಗೆದರೂ ಒಂದು ಎರೆಹುಳ ಸಿಗಲಿಲ್ಲ. ಅತ್ತೆ ಹಾರೆ ಬದಿಗಿಟ್ಟು "ಮಣ್ಣು ಸತ್ತುಹೋಗಿದೆ ಮಗಾ" ಎಂದದ್ದು ಅವಳ ಕಿವಿಯಿಂದ ಇನ್ನೂ ಹೋಗಿಲ್ಲ. ಆ ಹಕ್ಕಿ ಮರಳಿ ಬಂದದ್ದು ನಿಜವೆಂದು ಎಲ್ಲಾದರೂ ದಾಖಲಾಗಲೇಬೇಕು ಎಂದು ಅವಳಿಗೆ ಹಟ ಹಿಡಿಯಿತು.

ಪಂಚಾಯತಿನ ಹಕ್ಕಿಗಳ ಪಟ್ಟಿ ಮಾಡುತ್ತಿದ್ದವಳು ಉಪ್ಪಳದ ಶಾಹಿನಾ, ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಫೋನಿನಲ್ಲಿ ಅವಳೆಂದಳು, "ನನಗೆ ನಿಮ್ಮ ಮೇಲೆ ನಂಬಿಕೆ ಉಂಟು ಅಕ್ಕಾ. ಆದ್ರೆ ಪಟ್ಟಿಗೆ ಸೇರಿಸ್ಲಿಕ್ಕೆ ಫೋಟೋ ಬೇಕೇ ಬೇಕು. ಜನವರಿ ಕೊನೆಗೆ ಮುಗೀತದೆ."

ಗಂಡ ಹರಿನಾರಾಯಣ ಭಟ್ಟರಿಗೆ ಅಷ್ಟು ನಂಬಿಕೆಯೂ ಇರಲಿಲ್ಲ. "ನೀನು ಕಂಡದ್ದು ಮಿಂಚುಳ್ಳಿ ಆಗಿರ್ಬಹುದು ಮಾರಾಯ್ತಿ."

"ಮಿಂಚುಳ್ಳಿ ತರಗೆಲೆ ಅಡಿಯಲ್ಲಿ ಮೀನು ಹಿಡೀತದಾ?" ಎಂದು ಅವಳು ಕಾಫಿ ಲೋಟವನ್ನು ತುಸು ಜೋರಾಗಿಯೇ ಕುಕ್ಕಿದಳು.

ಒಂಬತ್ತು ಬೆಳಗು ಕಾದಳು. ಹಕ್ಕಿ ಇರುವುದೇನೋ ನಿಜ, ಆದರೆ ಕ್ಯಾಮರಾದ ತುಂಬ ಬರೀ ತರಗೆಲೆ. ಹತ್ತನೆಯ ದಿನ ಅವಳಿಗೆ ಬುದ್ಧಿ ಓಡಿತು. ಹೇಗೂ ದನಗಳ ಹಟ್ಟಿಗೆ ಹಾಸಲು ತರಗೆಲೆ ಗುಡಿಸುವ ಕಾಲ. ಮನೆಯ ಕೆಲಸಕ್ಕೆ ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ಬಟ್ಯನನ್ನು ಕರೆದಳು. "ಬಟ್ಯಣ್ಣ, ಈ ಸಲ ಗೇರುಮರದ ಅಡಿ ಒಂದೆಲೆ ಬಿಡ್ಬೇಡಿ. ಅಂಗಳದ ಹಾಗೆ ಚೊಕ್ಕ ಆಗ್ಬೇಕು." ಬಯಲಾದ ನೆಲದಲ್ಲಿ ಹಕ್ಕಿ ಎಲ್ಲಿಗೆ ಅಡಗೀತು ಎಂಬುದು ಅವಳ ಲೆಕ್ಕಾಚಾರ.

ಬಟ್ಯ ಅವಳ ಮುಖವನ್ನೊಮ್ಮೆ ನೋಡಿದ. ಎರಡು ದಿನ ಗುಡಿಸಿ, ಹೆಡಗೆ ಹೆಡಗೆಯಾಗಿ ಹೊತ್ತು ಹಟ್ಟಿಯ ಪಕ್ಕ ರಾಶಿ ಹಾಕಿದ. ಅವಳು ಮರದ ಹಿಂದೆ ಮಣೆ ಹಾಕಿ ಕೂತಳು. ಹಕ್ಕಿ ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ಐದನೆಯ ದಿನ ಗುಡಿಸಿದ ನೆಲದ ಫೋಟೋ ತೆಗೆದು, ಜಾಗ ಇಷ್ಟು ಚಂದ ಮಾಡಿಟ್ಟರೂ ಹಕ್ಕಿಗೆ ಅಹಂಕಾರ ನೋಡು ಎಂದು ಶಾಹಿನಾಳಿಗೆ ಕಳಿಸಿದಳು.

ಕೂಡಲೇ ಫೋನ್ ಬಂತು. "ಅಯ್ಯೋ ಅಕ್ಕಾ, ಎಂತ ಮಾಡಿದ್ರಿ! ಅದು ತರಗೆಲೆ ಮಗುಚಿ ಅಡಿಯ ಹುಳ ಹೆಕ್ಕುವ ಹಕ್ಕಿ. ಬಟ್ಟಲು ಎತ್ತಿಟ್ಟು ಊಟಕ್ಕೆ ಕರೆದ ಹಾಗಾಯ್ತಲ್ಲ!"

ಶ್ರೀರಂಜಿನಿ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ನಾಚಿಕೆಯಾಯಿತು, ಅಳುವೂ ಬಂತು. ಇಷ್ಟು ವರ್ಷ ಹೆಲಿಕಾಪ್ಟರಿಗೆ ಶಾಪ ಹಾಕಿದ ಬಾಯಿ ಅವಳದು. ಮೇಲಿಂದ ಅವರು ಮಾಡಿದ್ದನ್ನು ಕೆಳಗಿನಿಂದ ತಾನು ಒಂದು ಹಿಡಿಸೂಡಿಯಲ್ಲಿ ಗುಡಿಸಿಸಿ ಮಾಡಿದ್ದಳು. ಕಣ್ಣೊರೆಸಿಕೊಂಡು ಎದ್ದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನೇರ ಹಟ್ಟಿಗೆ ಹೋಗಿ ಹೆಡಗೆ ತುಂಬಿಸತೊಡಗಿದಳು.

"ಹಟ್ಟಿಗೆ ತಂದ ತರಗೆಲೆಯನ್ನು ಪುನಃ ಗುಡ್ಡೆಗೆ ಹೊರುವುದಾ? ಕಂಡವರು ಎಂತ ಹೇಳಿಯಾರು?" ಭಟ್ಟರು ಜಗಲಿಯಿಂದ ಕೇಳಿದರು.

"ಎಂತ ಬೇಕಾದ್ರೂ ಹೇಳ್ಲಿ. ದನಕ್ಕೆ ಬೈಹುಲ್ಲು ಹಾಸಿ."

ಬಟ್ಯ ಬಂದವನು ಹೆಡಗೆಗೆ ಕೈ ಹಾಕಿದ. "ಕೊಡಿ ಅಕ್ಕ. ಗುಡಿಸಿದ್ದು ನಾನಲ್ವಾ."

"ಗುಡಿಸ್ಲಿಕ್ಕೆ ಹೇಳಿದ್ದು ನಾನು. ಆ ಹಕ್ಕಿ ಅಲ್ಲಿರುವುದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ಮೂರು ವರ್ಷದಿಂದ ಬರ್ತಾ ಉಂಟು. ನೀವು ದಿನಾ ಹೋಗಿ ಹುಡುಕಿ, ಮತ್ತೆ ಒಂದೆಲೆ ಬಿಡ್ಬೇಡಿ ಅಂದದ್ದು ಅದನ್ನು ಓಡಿಸ್ಲಿಕ್ಕೆ ಅಂತ ಗ್ರಹಿಸಿದೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೊರುವುದನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ದಿನಕ್ಕೆ ಹನ್ನೆರಡು ಹೆಡಗೆ, ಆರು ದಿನ. ಒಣ ಎಲೆಯಲ್ಲಿ ಹುಳ ನಿಲ್ಲದು ಎಂದ ಬಟ್ಯ, ಸುರಂಗದ ತೊಟ್ಟಿಯಿಂದ ತುಂಬಿ ಹರಿಯುವ ನೀರಿಗೆ ಪೈಪು ಸಿಕ್ಕಿಸಿ ಗೇರುಮರದ ಬುಡಕ್ಕೆ ಬಿಟ್ಟ. ದಿನವೂ ಸಂಜೆ ಅವಳು ಎಲೆ ತೇವವಾಗಿದೆಯೇ ಎಂದು ಕೈಯಿಟ್ಟು ನೋಡುವಳು. ಬೆಳಗ್ಗೆ ಹೋಗಿ ಕೂರುವಳು.

ಜನವರಿ ಮುಗಿಯಿತು. ಪಟ್ಟಿ ಮುಗಿಯಿತೆಂದು ಶಾಹಿನಾ ಬೇಸರದಿಂದಲೇ ತಿಳಿಸಿದಳು. "ಇನ್ನೆಂತಕ್ಕೆ ಹೋಗ್ತಿ?" ಎಂದರು ಭಟ್ಟರು. ಅವಳು ಬೈರಾಸು ಸುತ್ತಿಕೊಂಡಳು. ಪಟ್ಟಿಯ ಯೋಚನೆ ಅವಳ ತಲೆಯಿಂದ ಯಾವತ್ತೋ ಹೋಗಿತ್ತು. ತಾನು ಓಡಿಸಿದ್ದು ಮರಳಬೇಕು, ಅಷ್ಟೇ.

ಫೆಬ್ರವರಿ ಹದಿನಾಲ್ಕರ ಬೆಳಗ್ಗೆ, ಬಿಸಿಲು ಇನ್ನೂ ಗುಡ್ಡೆಯ ತಲೆ ಮುಟ್ಟಿರಲಿಲ್ಲ. ಒಂದು ತರಗೆಲೆ ತನ್ನಷ್ಟಕ್ಕೇ ಮಗುಚಿಬಿತ್ತು. ಅದರ ಪಕ್ಕ ಇನ್ನೊಂದು. ಶ್ರೀರಂಜಿನಿ ಕ್ಯಾಮರಾ ಎತ್ತಿ ಬೆರಳೊತ್ತಿದಳು. ಒತ್ತುತ್ತಲೇ ಹೋದಳು.

ಇಪ್ಪತ್ತಮೂರು ಚಿತ್ರಗಳಲ್ಲಿ ಇಪ್ಪತ್ತೆರಡರಲ್ಲಿ ಬರೀ ಎಲೆ. ಒಂದರಲ್ಲಿ ಹಕ್ಕಿ, ಅದೂ ಅರ್ಧ. ಉಳಿದರ್ಧವನ್ನು ಗೇರೆಲೆ ಮರೆಮಾಡಿತ್ತು. ಅವಳು ಗುಡ್ಡೆಯಿಂದ ಇಳಿದು ಬಂದು ಕ್ಯಾಮರಾವನ್ನು ಗಂಡನ ಮುಖಕ್ಕೆ ಹಿಡಿದಳು.

ಭಟ್ಟರು ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮಿಂಚುಳ್ಳಿ ಅಲ್ಲ," ಎಂದು ಸೋಲೊಪ್ಪಿಕೊಂಡರು. "ಹಕ್ಕಿ ಚಂದ ಉಂಟು."

"ಹಕ್ಕಿಯನ್ನಲ್ಲ," ಎಂದಳು ಶ್ರೀರಂಜಿನಿ. "ಅದರ ಕೊಕ್ಕಿನಲ್ಲಿ ನೋಡಿ. ಎರೆಹುಳ."