ಹಳದಿ ಬೊಟ್ಟು

ನಮ್ಮಪ್ಪ ಜಯರಾಮಯ್ಯನಿಗೆ ನಿವೃತ್ತಿಯಾದ ಮೇಲೆ ಅಂಟಿಕೊಂಡ ಮೊದಲ ಕಾಯಿಲೆ ಫೋನಿನಲ್ಲಿ ವಿಡಿಯೊ ನೋಡುವುದು. ಯಾವುದೋ ದೇಶದ ಯಾವನೋ ಅಪ್ಪ ಮಗಳನ್ನು ಜೊತೆಗೆ ಸೇರಿಸಿಕೊಂಡು ತುಕ್ಕು ಹಿಡಿದ ಕಾರೊಂದನ್ನು ಹೊಸದು ಮಾಡಿ, ಕೊನೆಗೆ ಇಬ್ಬರೂ ತಬ್ಬಿಕೊಂಡು ಅಳುವ ವಿಡಿಯೊ. ಅದನ್ನು ನೋಡಿ ಅವನ ಕಣ್ಣಲ್ಲೂ ನೀರು ಬಂತು. ನಾನು ಟೈಫಾಯಿಡ್ ಬಂದು ಮಲಗಿದ್ದಾಗ ಓವರ್‌ಟೈಮ್ ಬಿಡದೆ ಹೋಗಿದ್ದ ಮನುಷ್ಯ ಇವನೇ.

ಮರುವಾರ ಹೊಸೂರಿನ ಮೂಕಂಡಪಲ್ಲಿಯ ನಮ್ಮ ಮನೆ ಮುಂದೆ ಟೊಮೆಟೊ ಸಾಗಿಸುವ ಲಾರಿಯೊಂದು ಬಂದು ನಿಂತಿತು. ಅದರ ಮೇಲೆ ಹಗ್ಗ ಬಿಗಿಸಿಕೊಂಡು ಒಂದು ಹಳೇ ಪ್ರೀಮಿಯರ್ ಪದ್ಮಿನಿ ಕೂತಿತ್ತು. ನಾಟ್ರಾಂಪಾಳ್ಯದ ಮುನಿಯಲ್ಲಪ್ಪ ಎಂಬ ರೈತನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಗಾಡಿ. ಹಿಂದಿನ ಸೀಟಿನಲ್ಲಿ ಅವರ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ವಾಸನೆ ನೋಡಿದರೆ ಸಾಕಿತ್ತು, ಯಾರೂ ಹೇಳಬೇಕಾಗಿರಲಿಲ್ಲ.

"ನಾವಿಬ್ರೂ ಸೇರಿ ರೆಡಿ ಮಾಡಾಣ ಕಣಮ್ಮ ಮೇಘಾ," ಅಂದ ಅಪ್ಪ. "ಅಪ್ಪ-ಮಗಳ ಪ್ರಾಜೆಕ್ಟು."

"ನನ್ಗೆ ಆಫೀಸ್ ಐತೆ."

"ಭಾನ್ವಾರ ಭಾನ್ವಾರ ಮಾಡಾಣ. ಗಾಡಿ ರೆಡಿ ಆದ್ ದಿವ್ಸ ರೋಡ್‌ಗೆ ಮೊದ್ಲು ಇಳ್ಸೋಳು ನೀನೇ. ಮಾತು ಕೊಟ್ಟೀನಿ."

ಆ ಮಾತಿಗೆ ನಾನು ಬಿದ್ದೆ. ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತೆಗೆದುಕೊಂಡು ವರ್ಷಗಳಾಗಿದ್ದವು. ಅದು ಪರ್ಸಿನಲ್ಲೇ ಮುದಿಯಾಗುತ್ತಿತ್ತು. ಕಂಪನಿಯ ಗೆಳತಿಯರೆಲ್ಲ ಅಪ್ಪನದೋ ಅಣ್ಣನದೋ ಕಾರು ಓಡಿಸಿ ಕೈ ಪಳಗಿಸಿಕೊಂಡರೆ, ನಮ್ಮಪ್ಪ ತನ್ನ ಸ್ಕೂಟರನ್ನು ಕೂಡ ನನ್ನ ಕೈಗೆ ಕೊಟ್ಟವನಲ್ಲ. ಹೆಣ್ಣುಮಕ್ಕಳಿಗೆ 'ಜಡ್ಜ್‌ಮೆಂಟ್' ಇರುವುದಿಲ್ಲವಂತೆ. ಇಂಥವನು ತಾನೇ ಬಾಯಿಬಿಟ್ಟು ಮೊದಲ ಸಲ ನೀನೇ ಓಡಿಸು ಅಂದಾಗ ನನಗೆ ನಾಚಿಕೆಯಾಗುವಷ್ಟು ಖುಷಿಯಾಯಿತು. ಆ ಖುಷಿಯ ಆಸೆಗೇ ವರ್ಷವಿಡೀ ಭಾನುವಾರಗಳನ್ನು ಗ್ರೀಸಿನಲ್ಲಿ ಅದ್ದಿದೆ.

ಅಪ್ಪ ಮಾಲೂರು ಕಡೆಯಿಂದ ಹೊಸೂರಿಗೆ ಬಂದು ಒಂದೇ ವಾಹನ ಕಾರ್ಖಾನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಕಾರ್ಖಾನೆ ಅವನನ್ನು ಬಿಟ್ಟರೂ ಅವನು ಕಾರ್ಖಾನೆಯನ್ನು ಬಿಡಲಿಲ್ಲ. ಅಂಗಳದಲ್ಲಿ ಕಾರಿನ ಸುತ್ತ ಹಳದಿ ಗೆರೆ ಎಳೆದ. ಗೆರೆಯೊಳಗೆ ಬರುವವರು ಶೂ ಹಾಕಿರಬೇಕು. ಬಟ್ಟೆ ಒಣಹಾಕುವ ತಂತಿ ಗೆರೆಯೊಳಗೇ ಇದ್ದುದರಿಂದ ನಮ್ಮಮ್ಮ ರುಕ್ಮಿಣಮ್ಮ ಸೀರೆ ಮೇಲೆ ನನ್ನ ಹಳೇ ಕ್ಯಾನ್ವಾಸ್ ಶೂ ತೊಟ್ಟು ಬಟ್ಟೆ ಹರವುವಂತಾಯಿತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಮೀಟಿಂಗ್. ಮೀಟಿಂಗಿಗೆ ಇದ್ದವರು ನಾನು ಮತ್ತು ಅವನು. ಅವನು ನನ್ನ ಎದುರು ಕೈ ಹಿಂದೆ ಕಟ್ಟಿ ನಿಂತು, "ಇವತ್ತಿನ ಟಾರ್ಗೆಟ್ ಎಡಗಡೆ ಬಾಗಿಲು," ಅನ್ನುತ್ತಿದ್ದ. ಆಮೇಲೆ ಸುರಕ್ಷತಾ ಪ್ರತಿಜ್ಞೆ. ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಿದ್ದೆ. ಇದಕ್ಕಿಂತ ಮರ್ಯಾದೆಗೇಡು ಇನ್ನೇನು ಬೇಕು?

"ನಮ್ಮಪ್ಪ ಗಾಡಿಗಳನ್ನು ಕಟ್ಟುತ್ತಾರೆ" ಎಂದು ಶಾಲೆಯಲ್ಲಿ ಪ್ರಬಂಧ ಬರೆದವಳು ನಾನು. ಅಪ್ಪ ಅದನ್ನು ಓದಿ ತಲೆ ಸವರಿದ್ದನೇ ಹೊರತು ತಿದ್ದಿರಲಿಲ್ಲ. ಸತ್ಯ ಗೊತ್ತಾದದ್ದು ಪದ್ಮಿನಿಯ ಮೊದಲ ಬೋಲ್ಟಿಗೆ ಅವನು ಸ್ಪ್ಯಾನರ್ ಹಾಕಿದ ದಿನ. ಸಾರು ಬಡಿಸುವ ಸೌಟು ಹಿಡಿದಂತೆ ಹಿಡಿದಿದ್ದ. ಸಡಿಲ ಮಾಡುತ್ತೇನೆಂದು ಬಿಗಿ ಮಾಡುವ ಕಡೆಗೆ ತಿರುಗಿಸಿ ಮುಖ ಕೆಂಪಗಾಗಿಸಿಕೊಂಡ. ಕೇಳಿದರೆ, "ನಮ್ದು ಫೈನಲ್ ಇನ್‌ಸ್ಪೆಕ್ಷನ್ ಕಣಮ್ಮ," ಅಂದ, ಸುಪ್ರೀಂ ಕೋರ್ಟಿನ ಜಡ್ಜು ಎಂಬ ಠೀವಿಯಲ್ಲಿ.

ಆ ಫೈನಲ್ ಇನ್‌ಸ್ಪೆಕ್ಷನ್ ಏನೆಂದರೆ, ಲೈನಿನಲ್ಲಿ ಬೇರೆ ಯಾರೋ ಬಿಗಿ ಮಾಡಿದ ಬೋಲ್ಟಿನ ಮೇಲೆ ಪೇಂಟ್ ಪೆನ್ನಿನಿಂದ ಒಂದು ಹಳದಿ ಬೊಟ್ಟು ಇಡುವುದು. ಬೊಟ್ಟು ಬಿತ್ತೆಂದರೆ ಬೋಲ್ಟ್ ಬಿಗಿಯಾಗಿದೆ ಎಂದು ಅರ್ಥ. ಮುಂದಿನವರು ಯಾರೂ ಅದನ್ನು ಮುಟ್ಟಿ ನೋಡುವುದಿಲ್ಲ. ಬೊಟ್ಟು ಯಾರದೋ ಹೊಣೆ ಅವರದು. ಈ ಕಾನೂನನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ನನಗೆ ಮಗ್ಗಿಗಿಂತ ಮೊದಲು ಇದು ಬಾಯಿಪಾಠವಾಗಿತ್ತು. ಪೆನ್ನು ಸದಾ ಅವನ ಜೇಬಿನಲ್ಲಿರುತ್ತಿತ್ತು. ನಮ್ಮ ಮನೆಯ ಫ್ಯಾನಿಗೆ, ನಲ್ಲಿಗೆ, ಗ್ಯಾಸ್ ರೆಗ್ಯುಲೇಟರಿಗೆ, ಕುಕ್ಕರಿನ ಹಿಡಿಗೆ ಎಲ್ಲಕ್ಕೂ ಹಳದಿ ಬೊಟ್ಟು. ಒಂದು ಸಲ ಅಮ್ಮನ ನಿಂಬೆಕಾಯಿ ಉಪ್ಪಿನಕಾಯಿ ಜಾಡಿಗೂ ಇಟ್ಟಿದ್ದ. ಬೊಟ್ಟು ನೋಡಿ ಅಮ್ಮ ಮುಚ್ಚಳ ಮುಟ್ಟದೆ ಬಿಟ್ಟಳು. ತಿಂಗಳಾದ ಮೇಲೆ ನೋಡಿದರೆ ಮುಚ್ಚಳ ಸಡಿಲ, ಜಾಡಿ ತುಂಬ ಬೂಷ್ಟು.

"ಬೊಟ್ಟು ಇಕ್ಕೋಕ್ ಮುಂಚೆ ಮುಚ್ಚಳ ತಿರುಗ್ಸಬೇಕು ಅಂತ ಗೊತ್ತಿಲ್ವಾ ನಿಮ್ಗೆ?" ಎಂದು ಅಮ್ಮ ಕೇಳಿದಳು.

"ತಿರುಗ್ಸೋದು ನನ್ ಡಿಪಾರ್ಟ್‌ಮೆಂಟ್ ಅಲ್ಲ," ಅಂದ ಅಪ್ಪ.

ಹೀಗೆ ನಮ್ಮ ಪ್ರಾಜೆಕ್ಟು ಸಾಗಿತು. ಇಂಜಿನ್ ಕೆಲಸವನ್ನು ಜೂಜುವಾಡಿಯ ಮೆಕ್ಯಾನಿಕ್ ಒಬ್ಬ ಮಾಡಿದ. ಉಳಿದದ್ದನ್ನು ನಾನು ವಿಡಿಯೊ ನೋಡಿ, ಆ ಮೆಕ್ಯಾನಿಕ್‌ನನ್ನು ಪೀಡಿಸಿ, ಉಗುರು ಮುರಿದುಕೊಂಡು ಕಲಿತೆ. ತುಕ್ಕು ಉಜ್ಜಿದವಳು ನಾನು, ಬ್ರೇಕ್ ಬಿಚ್ಚಿ ಜೋಡಿಸಿದವಳು ನಾನು, ಸೀಟಿನಿಂದ ಕೋಳಿ ಪುಕ್ಕ ಕಿತ್ತವಳು ನಾನು. ಅಪ್ಪ ಹಿಂದೆಯೇ ಬಂದು ಬೊಟ್ಟು ಇಡುತ್ತಿದ್ದ. ನನಗೂ ಒಂದು ಬಣ್ಣ ಕೊಡು ಅಂದೆ. "ಟ್ರೈನಿಗಳ್ಗೆ ಪೆನ್ ಕೊಡಲ್ಲ," ಅಂದ. ನಾನು ಬಿಗಿ ಮಾಡಿದ ಒಂದೊಂದು ಬೋಲ್ಟಿನ ನೆತ್ತಿಯ ಮೇಲೂ ಅವನ ಹಳದಿ ಕೂತಿತು. ಚಕ್ರದ ಹೊಳೆಯುವ ಮುಚ್ಚಳಗಳನ್ನು ನಾನು ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟರೆ, ಅವನ್ನು ಹಾಕಿದರೆ ಬೊಟ್ಟು ಕಾಣುವುದಿಲ್ಲವೆಂದು ತೆಗೆದು ಟಿವಿ ಪಕ್ಕ ಜೋಡಿಸಿದ. ಮನೆಗೆ ಬಂದವರಿಗೆಲ್ಲ "ನಾನೂ ಮಗ್ಳೂ ಮಾಡಿದ್ದು" ಎನ್ನುತ್ತಿದ್ದ. 'ಮಗ್ಳೂ' ಎನ್ನುವಾಗ ದನಿ ತಗ್ಗುತ್ತಿತ್ತು.

ಅಂತೂ ಗಾಡಿ ಮುಗಿಯಿತು. ಕೆನೆ ಬಣ್ಣದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನನಗೇ ನಂಬಿಕೆಯಾಗಲಿಲ್ಲ. ಭಾನುವಾರ ಪೂಜೆ ಮಾಡಿ ರಸ್ತೆಗೆ ಇಳಿಸುವುದು ಎಂದಾಯಿತು. ಶನಿವಾರ ಕೊನೆಯ ಸಲ ಬ್ರೇಕ್ ನೋಡೋಣವೆಂದು ಮುಂದಿನ ಎಡ ಚಕ್ರ ಬಿಚ್ಚಿ, ನೋಡಿ, ಮತ್ತೆ ಹಾಕಿದೆ. ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸುವಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು, ತಕ್ಷಣ ಹೋಗಬೇಕಾಯಿತು.

"ಅಪ್ಪ, ಕೈಯಾಗಷ್ಟೇ ತಿರುಗ್ಸೀನಿ. ಜಾಕ್ ಇಳ್ಸಿ ಸ್ಪ್ಯಾನರ್ ಹಾಕಿ ಬಿಗಿ ಮಾಡ್ಬುಡು," ಎಂದೆ.

"ಓಕೆ ಓಕೆ, ಹೋಗ್ಬಾರಮ್ಮ."

ಸಂಜೆ ಬಂದು ನೋಡಿದೆ. ಜಾಕ್ ಇಳಿದಿತ್ತು, ಬೋಲ್ಟುಗಳ ಮೇಲೆ ಹೊಸದಾಗಿ ಇಟ್ಟ ಹಳದಿ ಬೊಟ್ಟು ಹೊಳೆಯುತ್ತಿತ್ತು. ನಾನು ಕೈ ತೊಳೆದುಕೊಂಡು ಒಳಗೆ ಹೋದೆ.

ಭಾನುವಾರ ನಾನು ಹೊಸ ಚೂಡಿದಾರ್ ಹಾಕಿಕೊಂಡು, ಕೀಲಿಗಾಗಿ ಕೈ ಚಾಚಲು ಸಿದ್ಧಳಾಗಿ ಹೊರಗೆ ಬಂದರೆ, ಅಂಗಳದಲ್ಲಿ ಅರುಣ್‌ಕುಮಾರ್ ಸಾರ್ ನಿಂತಿದ್ದರು. ಅಪ್ಪನ ಕಾರ್ಖಾನೆಯ ದೊಡ್ಡ ಅಧಿಕಾರಿ. ಅಪ್ಪ ನನಗೊಂದು ಮಾತೂ ಹೇಳದೆ ಅವರನ್ನು ಕರೆದಿದ್ದ. ತಾನು ಇಸ್ತ್ರಿ ಮಾಡಿದ ಹಳೇ ಯೂನಿಫಾರಂ ಹಾಕಿಕೊಂಡು, ಬೆನ್ನು ಬಗ್ಗಿಸಿ, ಅವರಿಗೆ ಮುಂದಿನ ಬಾಗಿಲು ತೆರೆದು ಹಿಡಿದಿದ್ದ. ಆ ಬಗ್ಗಿದ ಬೆನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

"ನೀನು ಹಿಂದ್ಗಡೆ ಕೂತ್ಕೊಮ್ಮ," ಅಂದ ಅಪ್ಪ, ತಾನು ಸ್ಟಿಯರಿಂಗ್ ಹಿಂದೆ ಹತ್ತುತ್ತ.

"ಮಾತು ಕೊಟ್ಟಿದ್ದೆ ನೀನು."

"ಸಾರ್ ಬಂದವ್ರೆ ಕಣಮ್ಮ. ಸಾರ್ ಹೋದ್ಮ್ಯಾಲೆ ನೋಡಾಣ."

ಅಮ್ಮ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಒಂದು ವರ್ಷ ದುಡಿದು ನಾನು ಸಂಪಾದಿಸಿದ ಜಾಗ ಕೋಳಿಗಳು ಮೊಟ್ಟೆ ಇಡುತ್ತಿದ್ದ ಜಾಗ. ಪಕ್ಕದಲ್ಲಿ ದೇವಸ್ಥಾನದಲ್ಲಿ ಒಡೆಯಬೇಕಾದ ತೆಂಗಿನಕಾಯಿ ಇತ್ತು. ಇಬ್ಬರೂ ಸುಮ್ಮನಿದ್ದೆವು.

ಗಾಡಿ ಹೆದ್ದಾರಿ ಸೇರಿ ಜೂಜುವಾಡಿ ಕಡೆ ಹೊರಟಿತು. ಅಪ್ಪ ಒಂದೇ ಸಮ ಮಾತಾಡುತ್ತಿದ್ದ: ಬ್ರೇಕ್ ತಾನು ಹೇಗೆ ಕೂರಿಸಿದೆ, ಬಾಗಿಲು ತಾನು ಹೇಗೆ ಹೊಂದಿಸಿದೆ. ಸಾರ್ "ಸೂಪರ್ ಜಯರಾಮ್, ಸೂಪರ್" ಎನ್ನುತ್ತ ಫೋನ್ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮುಂದಿನ ಎಡಗಡೆಯಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು.

"ಅಪ್ಪ, ನಿಲ್ಸು."

"ಹಳೇ ಗಾಡಿ ಸೌಂಡ್ ಹಂಗೇ ಇರ್ತದೆ."

"ಚಕ್ರ ಸಡ್ಲ ಆಗದೆ. ನಿಲ್ಸು ಅಂತೀನಿ."

"ನಿಂಗೇನ್ ಗೊತ್ತಾಗ್ತದೆ, ಸುಮ್ಕಿರು."

ಕರ್ನಾಟಕದ ಗಡಿಯ ಹತ್ತಿರ ಲಾರಿಗಳ ಸಾಲು ಎದುರಾಗಿ ಅವನು ಬ್ರೇಕ್ ಒತ್ತಿದ. ಗಾಡಿ ಎಡಕ್ಕೆ ಎಳೆಯಿತು, ಸ್ಟಿಯರಿಂಗ್ ಗಡಗಡ ನಡುಗಿತು, ಮೂತಿ ಎಡಕ್ಕೆ ವಾಲಿತು. ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಒತ್ತುತ್ತಲೇ ನಮ್ಮ ಬಲಕ್ಕೆ ಗಾಳಿ ಬೀಸಿ ದಾಟಿತು. ಒಂದು ಪರೋಟ ಅಂಗಡಿಯ ಮುಂದೆ ಗಾಡಿ ಕೆರೆದುಕೊಂಡು ಹೋಗಿ ನಿಂತಿತು. ತೆಂಗಿನಕಾಯಿ ಉರುಳಿ ಸಾರ್ ಸೀಟಿನ ಕೆಳಗೆ ಹೋಗಿತ್ತು.

ಇಳಿದು ನೋಡಿದೆವು. ಚಕ್ರ ಓರೆಯಾಗಿತ್ತು. ಎರಡು ಬೋಲ್ಟ್ ಎಲ್ಲೋ ಬಿದ್ದುಹೋಗಿದ್ದವು, ಉಳಿದವು ಅರ್ಧಕ್ಕೆ ಹೊರಬಂದು ನೇತಾಡುತ್ತಿದ್ದವು. ಪರೋಟ ತಟ್ಟುವವರು ಕೈ ನಿಲ್ಲಿಸಿ ನೋಡುತ್ತಿದ್ದರು.

"ಯಾರ್ ಟೈಟ್ ಪಣ್ಣಿದ್ದು?" ಬಿಗಿ ಮಾಡಿದ್ದು ಯಾರೆಂದು ಸಾರ್ ತಮಿಳು ಕನ್ನಡ ಕಲಸಿ ಕೇಳಿದರು.

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಟ್ರೈನಿ ಸಾರ್. ಮಗ್ಳು. ಹೆಣ್ಮಕ್ಳು, ಕೈಯಾಗೆ ಫೋರ್ಸ್ ಇರಲ್ಲ. ನಾನು ಹೇಳ್ತಾನೇ ಇದ್ದೆ."

ಈ ಮನುಷ್ಯನ ಬಗ್ಗೆ ನನಗಿದ್ದ ತಾತ್ಸಾರಕ್ಕೆ ತಳವಿದೆ ಎಂದುಕೊಂಡಿದ್ದೆ. ಇರಲಿಲ್ಲ.

ಸಾರ್ ಪ್ಯಾಂಟ್ ಎಳೆದುಕೊಂಡು ಬಗ್ಗಿದರು. ನೇತಾಡುತ್ತಿದ್ದ ಬೋಲ್ಟನ್ನು ಬೆರಳಿನಿಂದ ತಿರುಗಿಸಿದರು. ಅದರ ತಲೆಯ ಮೇಲೆ ಹಳದಿ ಬೊಟ್ಟು.

"ಮಾರ್ಕ್ ಉಂಗಳದು ದಾನೇ, ಜಯರಾಮ್?" ಅಂದರು. ಗುರುತು ನಿಮ್ಮದೇ ತಾನೇ ಎಂದು. ಸಾರ್ ಕೈ ಒರೆಸಿಕೊಂಡು, ಆಟೊ ಕೈಮಾಡಿ ನಿಲ್ಲಿಸಿ, ಹೊರಟುಹೋದರು. ಹತ್ತುವಾಗ ನಕ್ಕರು ಅನಿಸುತ್ತದೆ. ಆ ನಗು ನನಗೂ ತಾಕಿತು, ಸಿಟ್ಟು ಬಂದದ್ದು ಅದಕ್ಕೇ.

ನಾನು ಡಿಕ್ಕಿಯಿಂದ ಜಾಕ್ ತೆಗೆದೆ. ಹಿಂದಿನ ಎರಡು ಚಕ್ರಗಳಿಂದ ಒಂದೊಂದು ಬೋಲ್ಟ್ ಬಿಚ್ಚಿ ತಂದು ಮುಂದಿನ ಚಕ್ರ ಕೂರಿಸಿದೆ. ಜಾಕ್ ಇಳಿಸಿ, ಸ್ಪ್ಯಾನರ್ ಹಾಕಿ, ಅದರ ಮೇಲೆ ಹತ್ತಿ ನಿಂತು ಒಂದೊಂದನ್ನೂ ಬಿಗಿ ಮಾಡಿದೆ. ಹೊಸ ಚೂಡಿದಾರ್ ಹಾಳಾಯಿತು. ಅಪ್ಪ ಪಕ್ಕದಲ್ಲೇ ನಿಂತಿದ್ದ.

"ಇಷ್ಟು ವರ್ಷ ನನ್ ಹತ್ರ ಬರೋ ಹೊತ್ಗೆ ಯಾರಾನಾ ಬಿಗಿ ಮಾಡಿರೋರು ಕಣಮ್ಮ. ಬೋಲ್ಟ್ ಕಂಡ್ರೆ ಕೈ ತಾನಾಗೇ ಹೋಗ್ಬುಡ್ತದೆ."

"ನಿನ್ನೆ ನಾನು ಹೇಳಿ ಹೋಗಿರ್ಲಿಲ್ವಾ?"

"ಹೇಳಿದ್ದೆ. ಜಾಕ್ ಇಳ್ಸಿದೆ. ಆಮ್ಯಾಲೆ ನೋಡ್ತೀನಿ, ಬೊಟ್ಟು ಇಟ್ಬುಟ್ಟಿದ್ದೆ. ಬೊಟ್ಟು ಇದ್ಮ್ಯಾಲೆ ಬಿಗಿ ಇರ್ತದೆ ಅನ್ಕೊಂಡೆ."

ತಾನೇ ಇಟ್ಟ ಬೊಟ್ಟನ್ನು ತಾನೇ ನಂಬಿದ್ದ. ಹುಚ್ಚ ಎಂದು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಉಪ್ಪಿನಕಾಯಿ ಜಾಡಿ ಕಂಡವಳು, ಸ್ಪ್ಯಾನರ್ ಹಿಡಿಯಲು ಬಾರದವನೆಂದು ಅರಿತವಳು, ಶನಿವಾರ ಸಂಜೆ ಆ ಹಳದಿ ನೋಡಿ ಮುಟ್ಟದೆ ಕೈ ತೊಳೆದುಕೊಂಡಿದ್ದೆ. ಅವನನ್ನು ಬೈದರೆ ಅರ್ಧ ನನಗೇ ಬರುತ್ತಿತ್ತು.

ಸ್ಪ್ಯಾನರನ್ನು ಅವನ ಕೈಗೆ ಕೊಟ್ಟೆ. "ತಿರುಗ್ಸಿ ನೋಡು."

ಅವನು ಯೂನಿಫಾರಂ ಪ್ಯಾಂಟಿನಲ್ಲೇ ಮಣ್ಣಿಗೆ ಮಂಡಿಯೂರಿದ. ಸೌಟು ಹಿಡಿದಂತೆಯೇ ಹಿಡಿದು ಒಂದೊಂದೇ ಬೋಲ್ಟಿಗೆ ಹಾಕಿ ಮೈಭಾರ ಬಿಟ್ಟು ತಿರುಗಿಸಿ ನೋಡಿದ. ಒಂದೂ ಅಲುಗಲಿಲ್ಲ. ಕೊನೆಯದನ್ನು ಎರಡು ಸಲ ನೋಡಿದ. ಆಮೇಲೆ ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಪೆನ್ನು ತೆಗೆಯಿತು, ಮುಚ್ಚಳ ಬಿಚ್ಚಿತು. ಬೋಲ್ಟಿನ ಹತ್ತಿರ ಹೋಗಿ ನಿಂತಿತು.

ನಾನು ಆ ಕೈಯನ್ನೇ ನೋಡುತ್ತಿದ್ದೆ.

ಅವನು ಎದ್ದು ನಿಂತು, ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ಚಾಚಿದ. "ತಗೊಳಮ್ಮ, ನೀನೇ ಇಡು."

"ಅದು ಬ್ಯಾಡಪ್ಪ," ಎಂದೆ. "ಕೀ ಕೊಡು."

ಕೀ ಕೊಟ್ಟ. ಮುಂದಿನ ಬಾಗಿಲ ತನಕ ಹೋದವನು ಏನೋ ನೆನಪಾದಂತೆ ನಿಂತು, ಸೀಟಿನ ಕೆಳಗಿನಿಂದ ತೆಂಗಿನಕಾಯಿ ಹೆಕ್ಕಿಕೊಂಡು, ಹಿಂದಿನ ಸೀಟಿಗೆ ಹೋಗಿ ಕೂತ.