ಗಂಜಿಯ ಜೊತೆ ನುಂಗಿದ ಮಾತ್ರೆ

ಕಾಪುವಿನ ರತ್ನಾವತಿಗೆ ಮಳೆಗಾಲ ಮುಗಿದರೂ ತುರಿಕೆ ಮುಗಿಯಲಿಲ್ಲ. ಒದ್ದೆ ಸೀರೆ ಸಿಕ್ಕಿಸುವ ಸೊಂಟದಲ್ಲಿ ಮೊದಲು ಒಂದು ಕೆಂಪು ಉಂಗುರ ಎದ್ದಿತು. ಆಮೇಲೆ ಮೊಣಕೈಯ ಕೆಳಗೆ ಎರಡು. ಹುಳುಕಡ್ಡಿ ಎಂದರು ಎಲ್ಲರೂ. ಸೊಂಟದ್ದು ಯಾರಿಗೂ ಕಾಣುವುದಿಲ್ಲ, ಕೈಯದ್ದು ಕಾಣುತ್ತದೆ. ಅವಳು ದಿನಾ ಮೀನಿನ ಬುಟ್ಟಿ ಹೊತ್ತು ಶಿರ್ವದ ಮನೆಮನೆಗೆ ಹೋಗುವವಳು. ಬಂಗುಡೆ ಎತ್ತಿ ತೋರಿಸುವ ಕೈ ನೋಡಿ ಒಂದು ಮನೆಯವರು ಇವತ್ತು ಬೇಡ ಎಂದರು. ಮರುದಿನವೂ ಬೇಡ ಎಂದರು. ವಾರದೊಳಗೆ ಅಂಥ ಮನೆಗಳು ಐದಾದವು. ಹೀಗೇ ಆದರೆ ಬುಟ್ಟಿ ಇಳಿಸಿ ಮನೆಯಲ್ಲೇ ಕೂರಬೇಕಾದೀತು ಎಂದು ಅವಳಿಗೆ ಹೆದರಿಕೆಯಾಯಿತು.

ಪಕ್ಕದ ಮನೆಯ ಆಸಿಯಮ್ಮನ ಹತ್ತಿರ ಮಗ ಜಲಾಲ್ ದುಬೈಯಿಂದ ತಂದ ಮುಲಾಮಿನ ಟ್ಯೂಬು ಇತ್ತು. ಬೆವರುಸಾಲೆಗೂ ಅದೇ, ಸೊಳ್ಳೆ ಕಚ್ಚಿದರೂ ಅದೇ. ಸುತ್ತಲಿನ ನಾಲ್ಕು ಮನೆಯವರು ಅದನ್ನು ಬೆರಳ ತುದಿಯಷ್ಟು ಕೇಳಿ ಪಡೆಯುತ್ತಿದ್ದರು. ರತ್ನಾವತಿಯೂ ಹಚ್ಚಿದಳು. ಎರಡು ದಿನಕ್ಕೆ ತುರಿಕೆ ನಿಂತಿತು, ಕೆಂಪು ಮಾಸಿತು. ಹಚ್ಚುವುದನ್ನು ಬಿಟ್ಟ ವಾರಕ್ಕೆ ಉಂಗುರ ಬಟ್ಟಲಿನಷ್ಟು ಅಗಲವಾಗಿ ತಿರುಗಿ ಬಂತು.

ಆಗ ಅವಳು ಡಾಕ್ಟರ ಹತ್ತಿರ ಹೋದಳು. ಅವರು ಆ ಟ್ಯೂಬನ್ನು ಮುಟ್ಟಲೇಬೇಡ ಎಂದರು. ಬೇರೆ ಮುಲಾಮು, ಆರು ವಾರಕ್ಕೆ ಗ್ರಿಸಿಯೋಫಲ್ವಿನ್ ಎಂಬ ಮಾತ್ರೆ ಬರೆದರು. ಎಣ್ಣೆ, ಕೊಬ್ಬು ಇರುವ ಊಟದ ಜೊತೆ ನುಂಗಬೇಕು ಎಂದೂ ಹೇಳಿದರು. ಚೆನ್ನಾಗಿ ಊಟ ಮಾಡು ಎಂದು ಡಾಕ್ಟರುಗಳು ಎಲ್ಲರಿಗೂ ಹೇಳುತ್ತಾರೆ, ಇದೂ ಹಾಗೆಯೇ ಇರಬೇಕು ಎಂದುಕೊಂಡು ಅವಳು ಮನೆಗೆ ಬಂದಳು.

ಮನೆಯಲ್ಲಿ ಅತ್ತೆಯ ಪಥ್ಯ ಕಾದಿತ್ತು. ಚರ್ಮದ ರೋಗಕ್ಕೆ ಮೀನು ನಂಜು, ತೆಂಗಿನಕಾಯಿ ನಂಜು, ಎಣ್ಣೆಯೂ ಆಗದು. ತಿಂಗಳಿಡೀ ಕುಚ್ಚಲಕ್ಕಿ ಗಂಜಿ, ಉಪ್ಪು, ಮಾತ್ರೆ. ಬುಟ್ಟಿ ತುಂಬ ಮೀನು ಹೊತ್ತವಳು ಮನೆಯಲ್ಲಿ ಮೀನಿನ ವಾಸನೆ ಮಾತ್ರ ಕುಡಿದಳು. ಉಂಗುರ ಇದ್ದಲ್ಲೇ ಇತ್ತು. ಮೇಲಿಂದ ತಲೆನೋವು.

ಅವಳಿಗೆ ಯಾವುದೂ ತಿಳಿಯದಾಯಿತು. ಎರಡು ದಿನದಲ್ಲಿ ಗುಣ ಕೊಟ್ಟ ಔಷಧಿ ಕೆಟ್ಟದ್ದಂತೆ. ತಿಂಗಳಾದರೂ ಏನೂ ಮಾಡದ ಔಷಧಿ ಒಳ್ಳೆಯದಂತೆ. ಯಾರನ್ನು ನಂಬುವುದು?

ಆ ವಾರ ಸರಕಾರಿ ದಾದಿ ಗ್ಲ್ಯಾಡಿಸ್, ಆಸಿಯಮ್ಮನ ಮೊಮ್ಮಗುವಿಗೆ ಚುಚ್ಚುಮದ್ದು ಹಾಕಲು ಬಂದರು. ರತ್ನಾವತಿ ಮಾತ್ರೆಯ ಪೊಟ್ಟಣ ತಂದು ಅವರ ಮುಂದೆ ಇಟ್ಟಳು.

"ಇದನ್ನು ಸಮುದ್ರಕ್ಕೆ ಬಿಸಾಡುತ್ತೇನೆ, ಬಾಯಮ್ಮ. ಆಸಿಯಮ್ಮನ ಟ್ಯೂಬೇ ಸಾಕು."

"ಟ್ಯೂಬು ತುರಿಕೆಯನ್ನು ಮಲಗಿಸುತ್ತದೆ, ರತ್ನಾ. ರೋಗ ಎಚ್ಚರವಾಗಿಯೇ ಇರುತ್ತದೆ, ಆರಾಮವಾಗಿ ಹರಡುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ ಅಲ್ವಾ? ಇದೂ ಅದೇ ಜಾತಿ. ಹುಳ ಗಿಳ ಎಂತದೂ ಇಲ್ಲ."

"ಮತ್ತೆ ಮಾತ್ರೆ ಎಂತ ಮಾಡುತ್ತದೆ?"

ಮಾತ್ರೆ ರಕ್ತದಲ್ಲಿ ಸೇರಿ, ಒಳಗಿನಿಂದ ಹುಟ್ಟುವ ಹೊಸ ಚರ್ಮಕ್ಕೆ ಹೋಗುತ್ತದೆ ಎಂದರು ಗ್ಲ್ಯಾಡಿಸ್. ಆ ಹೊಸ ಚರ್ಮದಲ್ಲಿ ಬೂಷ್ಟು ಬೆಳೆಯಲಾರದು. ಹಳೆಯದು ಉದುರಿದ ಹಾಗೆ ರೋಗವೂ ಉದುರುತ್ತದೆ. ಅದಕ್ಕೇ ವಾರಗಟ್ಟಲೆ ಬೇಕು. ಇಷ್ಟು ಹೇಳಿ ಅವರು ಪೊಟ್ಟಣ ನೋಡಿದರು.

"ಒಂದು ತಿಂಗಳು ನುಂಗಿದ್ದೀಯ. ಸ್ವಲ್ಪವಾದರೂ ಮಾಸಬೇಕಿತ್ತು. ಯಾವುದರ ಜೊತೆ ನುಂಗಿದೆ?"

"ಗಂಜಿ."

"ಗಂಜಿ ಮತ್ತೆ?"

"ಉಪ್ಪು."

ಗ್ಲ್ಯಾಡಿಸ್ ಪೊಟ್ಟಣವನ್ನು ಕೆಳಗಿಟ್ಟರು. "ಈ ಮಾತ್ರೆ ಕೊಬ್ಬಿನ ಜೊತೆಗೆ ಮಾತ್ರ ರಕ್ತಕ್ಕೆ ಸರಿಯಾಗಿ ಸೇರುವುದು, ಮಾರಾಯ್ತಿ. ಗಂಜಿಯ ಜೊತೆ ಹೆಚ್ಚಿನದ್ದು ಹಾಗೇ ಹೊರಗೆ ಹೋಗುತ್ತದೆ."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಸಿಟ್ಟು ಬಂತು. "ಹಾಗಾದರೆ ನಾವು ಹಿಂದಿನಿಂದ ಮಾಡಿದ ಪಥ್ಯವೆಲ್ಲ ಸುಳ್ಳಾ?"

"ಎಲ್ಲದರ ಮಾತು ನನಗೆ ಗೊತ್ತಿಲ್ಲ, ಅಮ್ಮ. ಈ ಮಾತ್ರೆಗೆ ಮಾತ್ರ ಕಾಯಿ ಅರೆದ ಮೀನಿನ ಸಾರೇ ಪಥ್ಯ."

ಆಸಿಯಮ್ಮ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ.

ತಲೆನೋವಿನ ವಿಷಯವನ್ನೂ ಗ್ಲ್ಯಾಡಿಸ್ ವಿಚಾರಿಸಿದರು. ಸಣ್ಣ ತಲೆನೋವು, ಹೊಟ್ಟೆ ತೊಳಸುವುದು ಈ ಮಾತ್ರೆಯಿಂದ ಕೆಲವರಿಗೆ ಆಗುತ್ತದೆ. ಬಿಸಿಲಿಗೆ ಮೈ ಉರಿಯಬಹುದು, ತೋಳು ಮುಚ್ಚಿಕೊಂಡು ನಡೆಯಬೇಕು. ಕಣ್ಣು ಹಳದಿಯಾದರೆ, ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಮುಟ್ಟು ಸರಿಯಾಗಿ ಆಗುತ್ತಿದೆಯಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಆಗುತ್ತಿದೆ ಎಂದಳು ರತ್ನಾವತಿ. ಬಸುರಿಯರು ಇದನ್ನು ನುಂಗಲೇಬಾರದು. ಗರ್ಭ ತಡೆಯುವ ಮಾತ್ರೆಯ ಬಲವನ್ನೂ ಇದು ಇಳಿಸುತ್ತದೆ. ಇದರ ಜೊತೆ ಕಳ್ಳು ಸಾರಾಯಿ ಕೂಡದು.

ಮರುದಿನ ರತ್ನಾವತಿ ಡಾಕ್ಟರ ಹತ್ತಿರ ಹೋಗಿ ಗಂಜಿಯ ಸಂಗತಿಯನ್ನು ಮುಚ್ಚಿಡದೆ ಹೇಳಿದಳು. ಅವರು ಬಯ್ಯಲಿಲ್ಲ, ಆರು ವಾರದ ಮಾತ್ರೆ ಹೊಸದಾಗಿ ಬರೆದರು. ಆ ಮಧ್ಯಾಹ್ನ ಅತ್ತೆ ಒಂದು ಮಾತೂ ಆಡದೆ ಬಟ್ಟಲಿಗೆ ಬೂತಾಯಿ ಮೀನಿನ ಸಾರು ಬಡಿಸಿದರು.

ಮೂರನೇ ವಾರಕ್ಕೆ ಉಂಗುರದ ಅಂಚು ತಗ್ಗಿತು. ಇನ್ನು ಸಾಕು ಎಂದಳು ರತ್ನಾವತಿ. ಅತ್ತೆ ಬಿಡಲಿಲ್ಲ. ದಿನಾ ಪೊಟ್ಟಣ ತೆಗೆದು ನೋಡಿದರು, ಅವಳ ಮೈ ಒರೆಸುವ ಬೈರಾಸನ್ನು ಯಾರಿಗೂ ಅಂಟದಂತೆ ಬೇರೆ ಹಗ್ಗಕ್ಕೆ ಹಾಕಿದರು. ಆರು ವಾರವಾದ ಮೇಲೆ ಡಾಕ್ಟರು ನೋಡಿ ಗುಣವಾಯಿತು ಎಂದರು. ರತ್ನಾವತಿ ಶಿರ್ವದ ಆ ಐದು ಮನೆಗಳ ಮುಂದೆ ಬುಟ್ಟಿ ಇಳಿಸಿದಳು. ಮೂರು ಮನೆಯವರು ಮೀನು ಕೊಂಡರು. ಉಳಿದ ಎರಡು ಮನೆಗಳಿಗೆ ಈಗಲೂ ಹೋಗಿ ಕೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೈಮೇಲೂ ಇಂಥ ಉಂಗುರ ಎದ್ದರೆ ಪಕ್ಕದ ಮನೆಯ ಟ್ಯೂಬು ಕೇಳಬೇಡಿ, ಡಾಕ್ಟರಿಗೆ ತೋರಿಸಿ. ಹೇಳಿದಷ್ಟು ದಿನ ಔಷಧಿ ತೆಗೆದುಕೊಳ್ಳಿ. ಯಾವ ಊಟದ ಜೊತೆ ನುಂಗುವುದು, ಎಂತ ಆದರೆ ನಿಲ್ಲಿಸುವುದು ಎಂಬುದು ತಿಳಿಯದಿದ್ದರೆ ಅಲ್ಲಿಂದ ಏಳಬೇಡಿ. ತಿರುಗಿ ಕೇಳಿ. ಕೇಳಲು ನಾಚಿಕೊಂಡವರು ಕಾಯಿಲೆಯನ್ನು ಮನೆಗೆ ಕರೆದುಕೊಂಡೇ ಹೋಗುತ್ತಾರೆ.