ಅಪ್ಪ ಕುಡೀತಿರಲಿಲ್ಲ

“ಎರಡೂ ಎಡತೋಳೇ ಆಗೋಗಿದೆ ಕಣೇ,” ಎಂದಳು ಕತ್ತರಿ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಪಟಾಕಿ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬಂದಳು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳಿಗೆ ಕತ್ತರಿ ಎಂದೂ, ಬಾಯಿ ತೆಗೆದರೆ ಸಿಡಿಯುವ ತನಗೆ ಪಟಾಕಿ ಎಂದೂ ಹೆಸರಿಟ್ಟವಳು ಅವಳೇ. ಮೇಜಿನ ಮೇಲೆ ಯಾರದೋ ಕೋಟಿನ ಬಟ್ಟೆ ಹರಡಿತ್ತು. ಒಳಮೈ ಹೊರಮೈ ಬೇರೆಯಿರುವ ಬಟ್ಟೆ. ಎರಡನೇ ತೋಳಿಗೆ ಅಳತೆಯ ಕಾಗದವನ್ನು ಮಗುಚಿ ಇಡಲು ಮರೆತರೆ ಮುಗಿಯಿತು, ಎರಡೂ ಒಂದೇ ಕಡೆಯ ತೋಳು. ಹಿಂದೊಮ್ಮೆ ಪಟಾಕಿಯೂ ಇದೇ ತಪ್ಪು ಮಾಡಿ ಮಾಲೀಕನಿಂದ ಮಂಗಳಾರತಿ ಮಾಡಿಸಿಕೊಂಡಿದ್ದಳು.

“ಅಪ್ಪಂಗೂ ಹೀಗೇ ಶುರುವಾಗಿದ್ದು,” ಎಂದಳು ಕತ್ತರಿ. “ಮೊದಲು ಮರೆವು. ಆಮೇಲೆ ಬೆರಳು ತಾನಾಗೇ ಕುಣಿಯೋದು. ಆಮೇಲೆ ನಡೆದ್ರೆ ತೂರಾಡೋರು.”

ಆ ಕಾಯಿಲೆ ರಕ್ತದಲ್ಲೇ ಇಳಿದು ಬರುವಂಥದ್ದು, ಮಕ್ಕಳಿಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು. ನಾಳೆ ಕತ್ತರಿ ಪರೀಕ್ಷೆಗೆ ರಕ್ತ ಕೊಡಬೇಕಿತ್ತು.

“ಸುಮ್ನಿರೇ ಸಾಕು! ತೋಳು ತಪ್ಪಿದೋರಿಗೆಲ್ಲ ಕಾಯಿಲೆ ಅಂದ್ರೆ ಈ ಊರಿನ ದರ್ಜಿಗಳೆಲ್ಲ ಹಾಸಿಗೆ ಹಿಡೀಬೇಕಿತ್ತು. ನಾಳೆ ನಾನೂ ಬರ್ತೀನಿ. ರಜೆ ಕೊಡದಿದ್ರೆ ಮಾಲೀಕ ತಾನೇ ಕೂತು ಹೊಲ್ಕೊಳ್ಳಲಿ.”

ಅಷ್ಟರಲ್ಲಿ ಕತ್ತರಿಯ ಅಣ್ಣ ಒಳಗೆ ಬಂದ. ಪಕ್ಕದ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ನಮಸ್ಕಾರವಿಲ್ಲ, ಏನಿಲ್ಲ, ನೇರ ವಿಷಯಕ್ಕೇ ಇಳಿದ.

“ಪರೀಕ್ಷೆ ಗಿರೀಕ್ಷೆ ಏನೂ ಬೇಡ. ನನ್ನ ಮಗಳಿಗೆ ಒಳ್ಳೆ ಸಂಬಂಧ ಕೂಡಿ ಬರ್ತಿದೆ. ವಂಶದಲ್ಲೇ ಇದೆ ಅಂತ ಗೊತ್ತಾದ್ರೆ ಯಾರು ನಮ್ಮ ಹೊಸ್ತಿಲು ತುಳೀತಾರೆ? ಅಪ್ಪ ಕುಡಿದು ಕುಡಿದು ಸತ್ರು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದಿಲ್ವಾ? ಹಾಗೇ ಇರ್ಲಿ.”

ಕತ್ತರಿ ತಲೆ ತಗ್ಗಿಸಿದಳು. ಪಟಾಕಿಗೆ ಮೈಯೆಲ್ಲ ಉರಿದುಹೋಯಿತು.

“ನಾಚಿಕೆ ಆಗಲ್ವೇನ್ರೀ ನಿಮಗೆ? ಒಂದು ತೊಟ್ಟು ಮುಟ್ಟದ ಮನುಷ್ಯನ್ನ ಊರಿಗೆಲ್ಲ ಕುಡುಕ ಮಾಡಿದ್ರಲ್ಲ! ಬೀದಿ ಹುಡುಗರು ಅವರ ಹಿಂದೆ ತೂರಾಡ್ಕೊಂಡು ಅಣಕಿಸ್ತಿದ್ರೆ ಕಿಟಕಿ ಹಾಕ್ಕೊಂಡು ಕೂತಿದ್ರಿ. ಈಗ ಇವಳ ಬಾಯಿಗೂ ಬೀಗ ಹಾಕೋಕೆ ಬಂದ್ರಾ?”

“ಇದು ನಮ್ಮ ಮನೆ ವಿಷಯ. ನೀನು ಮೂಗು ತೂರಿಸಬೇಡಮ್ಮ.”

“ತೂರಿಸ್ತೀನಿ! ಇವಳು ರಾತ್ರಿಯೆಲ್ಲ ಬೆರಳು ನೋಡ್ಕೊಂಡು ಕೂತಿರ್ತಾಳೆ, ಅದು ಗೊತ್ತಾ ನಿಮಗೆ? ನಾಳೆ ನಿಮ್ಮ ಮಗಳೇ ಬಂದು ಯಾಕಪ್ಪಾ ಮೊದಲೇ ಹೇಳಲಿಲ್ಲ ಅಂದ್ರೆ? ಅವಳನ್ನೂ ಕುಡುಕಿ ಅಂತೀರಾ?”

“ಏಯ್!”

ಬೆರಳು ತೋರಿಸಿ ಗದರಲೆಂದು ಅವನು ಜೇಬಿನಿಂದ ಬಲಗೈ ತೆಗೆದ. ಬಂದಾಗಿನಿಂದ ಆ ಕೈ ಜೇಬಿನಲ್ಲೇ ಇತ್ತು. ತೋರುಬೆರಳು ನೆಟ್ಟಗೆ ನಿಲ್ಲಲಿಲ್ಲ. ಐದೂ ಬೆರಳು ತಮ್ಮ ಪಾಡಿಗೆ ತಾವು ಕುಣಿಯತೊಡಗಿದವು. ಅವನು ಎಡಗೈಯಿಂದ ಅದನ್ನು ಅದುಮಿ ಹಿಡಿದ.

ಪಟಾಕಿಯ ಸಿಟ್ಟು ಹಾಗೇ ಇತ್ತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

“ಯಾವಾಗಿಂದ ಅಣ್ಣ?” ಕತ್ತರಿ ಕೇಳಿದಳು.

“ಮಳೆಗಾಲದಿಂದ. ಸಣ್ಣ ತಿರುಪು ಹಿಡಿಯೋಕಾಗಲ್ಲ. ಅಂಗಡಿ ಬಾಗಿಲು ಹಾಕಿದೀನಿ.”

“ಅತ್ತಿಗೆಗೆ ಗೊತ್ತಾ?”

ಅವನು ನೆಲ ನೋಡಿದ. “ಕುಡಿಯೋಕೆ ಶುರು ಮಾಡಿದೀರಾ ಅಂತ ಕೇಳಿದ್ಲು. ಹೂಂ ಅಂದೆ.”

“ಥೂ!” ಎಂದಳು ಪಟಾಕಿ. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವಳಿಗೆ ಇನ್ನಷ್ಟು ರೇಗಿತು. ಸ್ಟೂಲನ್ನು ಕಾಲಿನಿಂದಲೇ ಅವನತ್ತ ನೂಕಿದಳು. “ಕೂತ್ಕೊಳ್ಳಿ. ನಾಳೆ ಮೂರು ಜನಾನೂ ಹೋಗೋದು. ಎದುರಾಡಿದ್ರೆ ನೋಡಿ ಮತ್ತೆ.”

ಅವನು ಕೂತ. ಕತ್ತರಿ ಅವನ ಬಲಗೈಯನ್ನು ಎಳೆದು ಮೇಜಿನ ಮೇಲಿಟ್ಟು, ತನ್ನ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು.

“ಅಪ್ಪ ಕುಡೀತಿರಲಿಲ್ಲ. ನೀನೂ ಕುಡಿಯಲ್ಲ,” ಎಂದಳು. “ಇವತ್ತೇ ಅತ್ತಿಗೆಗೆ ಹೇಳು.”

ಅವಳ ಅಂಗೈ ಕೆಳಗೆ ಬೆರಳುಗಳು ಮಿಸುಕಾಡುತ್ತಲೇ ಇದ್ದವು. ಅವಳು ಕೈ ತೆಗೆಯಲಿಲ್ಲ.